ಕಡಿಮೆ ಬೆಲೆಯ ಹಳೆಯ ಮಿಲಿಟರಿ ಪಿಸ್ತೂಲು: ಕೈಕೆಲಸಕ್ಕೆ ಯಾವುದು ಒಗ್ಗುತ್ತದೆ?

ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಒಂದು ಸಿಝೆಡ್-82 ಪಿಸ್ತೂಲು ಬಿಚ್ಚಿಟ್ಟಿದ್ದೇನೆ. ಹಿಂದೆ ಮುಂದೆ ಜಾರುವ ಮೇಲ್ಭಾಗದ, ಅಂದರೆ ಸ್ಲೈಡಿನ, ಮೂತಿಯ ಹತ್ತಿರ ಕಪ್ಪು ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿದೆ, ಉಗುರು ತಾಗಿಸಿದರೆ ಚಕ್ಕೆ ಚಕ್ಕೆಯಾಗಿ ಬರುತ್ತದೆ. ಯಾರೋ ಸೈನಿಕನ ಸೊಂಟದ ಚೀಲಕ್ಕೆ ವರ್ಷಗಟ್ಟಲೆ ಉಜ್ಜಿ ಬಲಗಡೆಯ ಅಂಚು ಪೂರ್ತಿ ಬಿಳಿಚಿಕೊಂಡಿದೆ. ಆದರೆ ನಳಿಗೆಯೊಳಗೆ ಟಾರ್ಚು ಬಿಟ್ಟು ನೋಡಿದರೆ ಕ್ರೋಮು ಕನ್ನಡಿಯ ಹಾಗೆ ಹೊಳೆಯುತ್ತದೆ. ಹಳೆಯ ಪಿಸ್ತೂಲಿನ ಮೈ ಉಜ್ಜಿ, ಹೊಸ ಬಣ್ಣ ಏರಿಸಿ, ಹಿಡಿ ಬದಲಿಸುವ ನನ್ನ ಹವ್ಯಾಸಕ್ಕೆ ನಾನು ಹುಡುಕುವುದು ಇಂಥದ್ದನ್ನೇ. ಒಳಗಿನ ಯಂತ್ರ ಗಟ್ಟಿಯಿರಬೇಕು, ಮೈ ಮಾತ್ರ ಕೆಟ್ಟಿರಬೇಕು. ಇದು ತಿರುಗುಮುರುಗಾದರೆ ಅದು ಹವ್ಯಾಸವಾಗಿ ಉಳಿಯುವುದಿಲ್ಲ, ಅಪಾಯವಾಗುತ್ತದೆ.

ನಾನು ಕೊಡಗಿನವನು, ಅಮೆರಿಕಕ್ಕೆ ಬಂದು ನೆಲೆಸಿದವನು. ನಮ್ಮಲ್ಲಿ ಕೈಲ್ ಪೊಳ್ದ್ ದಿನ ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಮೂತಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆಗೆ ಇಡುತ್ತೇವೆ. ಆ ಒರೆಸುವ ಕೆಲಸ ಚಿಕ್ಕಂದಿನಲ್ಲಿ ನನ್ನದಾಗಿತ್ತು. ಹಳೆಯ ಉಕ್ಕಿನ ಮೇಲಿನ ಪ್ರೀತಿ ಅಲ್ಲಿಂದ ಬಂದದ್ದು. ಇಲ್ಲಿಗೆ ಬಂದಮೇಲೆ ಶೀತಲ ಸಮರದ ಕಾಲದ ಪಿಸ್ತೂಲುಗಳ ಪರಿಚಯವಾಯಿತು. ವಾರ್ಸಾ ಒಪ್ಪಂದದ ಕೂಟ 1991ರಲ್ಲಿ ಮುಗಿದು, ಪೂರ್ವ ಯುರೋಪಿನ ಸೇನೆಗಳು ಒಂದೊಂದಾಗಿ ನೇಟೋ ತೋಟಾಗಳ ಕಡೆ ಹೊರಳಿದಾಗ, ಗೋದಾಮುಗಳಲ್ಲಿ ಗ್ರೀಸು ಬಳಿದು ಇಟ್ಟಿದ್ದ ಪಿಸ್ತೂಲುಗಳು ಅಮೆರಿಕದ ಆಮದುದಾರರ ಕೈಗೆ ಬಂದವು. ಹೊಸ ಪಿಸ್ತೂಲಿನ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತಿದ್ದ ಕಾಲ ಇತ್ತು. ಈಗ ಅಷ್ಟು ಅಗ್ಗವಿಲ್ಲ, ಆದರೂ ಹುಡುಕಿದರೆ ಸಿಗುತ್ತವೆ.

ಕೊಳ್ಳುವ ಮೊದಲು ಕಾನೂನು

ಇದನ್ನು ಕೊನೆಯಲ್ಲಿ ಹೇಳುವವರೇ ಜಾಸ್ತಿ, ನಾನು ಮೊದಲೇ ಹೇಳುತ್ತೇನೆ. ಎಚ್-1ಬಿ, ಎಫ್-1 ಥರದ ವೀಸಾದ ಮೇಲೆ ಇರುವ ನಮ್ಮವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಂದೂಕು, ಪಿಸ್ತೂಲು ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಪರವಾನಗಿ ಇರುವವರಿಗೆ ವಿನಾಯಿತಿ ಇದೆ, ಅಂಥ ಇನ್ನೂ ಕೆಲವು ಇವೆ, ಅಷ್ಟೇ. ಗುಂಡು ಹೊಡೆಯುವ ಅಭ್ಯಾಸದ ಜಾಗದಲ್ಲಿ, ಅಂದರೆ ರೇಂಜಿನಲ್ಲಿ, ಬಾಡಿಗೆಗೆ ತೆಗೆದುಕೊಂಡರೂ ನಿಯಮ ಅದೇ. ಗೊತ್ತಿಲ್ಲದೆ ಮಾಡಿದೆ ಎಂದರೆ ವೀಸಾ ಉಳಿಯುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ, ನಾಗರಿಕರಿಗೆ ಈ ತಡೆ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ, ಅದನ್ನು ನಿಮ್ಮೂರಿನ ಪರವಾನಗಿ ಪಡೆದ ಅಂಗಡಿಯಲ್ಲೇ ಕೇಳಿ.

50 ವರ್ಷ ದಾಟಿದ, ಅಥವಾ ಸರ್ಕಾರದ ಪಟ್ಟಿಯಲ್ಲಿ ಸೇರಿದ ಪಿಸ್ತೂಲುಗಳಿಗೆ ‘ಕ್ಯೂರಿಯೋ ಅಂಡ್ ರೆಲಿಕ್’, ಅಂದರೆ ಸಂಗ್ರಹಯೋಗ್ಯ ಹಳೆಯ ವಸ್ತು, ಎಂಬ ವರ್ಗವಿದೆ. ಸಂಗ್ರಾಹಕರ ಲೈಸೆನ್ಸಿಗೆ 3 ವರ್ಷಕ್ಕೆ 30 ಡಾಲರ್. ಆದರೆ ಮೂಲ ರೂಪ ಬದಲಿಸಿದ ಪಿಸ್ತೂಲು ಈ ವರ್ಗದಿಂದ ಹೊರಬೀಳುತ್ತದೆ ಎಂಬುದನ್ನು ಕೈಹಾಕುವ ಮುನ್ನ ನೆನಪಿಡಿ.

ಇನ್ನು ಮುಟ್ಟಬಾರದ ಕೆಲಸಗಳು. ಕ್ರಮಸಂಖ್ಯೆಯನ್ನು ಅಳಿಸುವುದು, ಅದು ಓದಲಾಗದಂತೆ ಉಜ್ಜುವುದು ಅಪರಾಧ. ಪಿಸ್ತೂಲಿಗೆ ಹೆಗಲಿಗೆ ಆನಿಸುವ ದಿಮ್ಮಿ ಸೇರಿಸುವುದು, ಮುಂದೆ ಎರಡನೇ ಹಿಡಿ ಕೂರಿಸುವುದು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಕುದುರೆಯ, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರಿನ, ಒಳಗಿನ ಕೊಕ್ಕೆಗಳನ್ನು ಅರದಿಂದ ಉಜ್ಜುವುದಂತೂ ಬೇಡವೇ ಬೇಡ. ಇಂಥ ಪಿಸ್ತೂಲನ್ನು ಊರಿಗೆ ತರುವ ಯೋಚನೆಯನ್ನೂ ಬಿಟ್ಟುಬಿಡಿ. ಭಾರತದಲ್ಲಿ 9 ಎಂಎಂ ಪಿಸ್ತೂಲು ನಿಷೇಧಿತ ಬೋರ್. ಕೊಡಗಿನವರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ವಿದೇಶದಲ್ಲಿ ಕೊಂಡ ಪಿಸ್ತೂಲಿಗೆ ರಕ್ಷೆಯಾಗುವುದಿಲ್ಲ.

ಸಿಝೆಡ್-82: ಮೊದಲ ಕೆಲಸಕ್ಕೆ ನನ್ನ ಆಯ್ಕೆ

ಚೆಕೊಸ್ಲೊವಾಕಿಯಾದ ಸೇನೆಗಾಗಿ ಉಹೆರ್ಸ್ಕಿ ಬ್ರೋದ್ ಊರಿನ ಕಾರ್ಖಾನೆಯಲ್ಲಿ ತಯಾರಾದದ್ದು. 9×18 ತೋಟಾ, ಅಂದರೆ ಹೆಸರಿಗೆ 9 ಎಂಎಂ ಗುಂಡು, 18 ಎಂಎಂ ಉದ್ದದ ಕವಚ. ಮ್ಯಾಗಝೀನಿನಲ್ಲಿ, ಅಂದರೆ ಹಿಡಿಯೊಳಗಿನ ತೋಟಾ ಪೆಟ್ಟಿಗೆಯಲ್ಲಿ, 12. ಸುರಕ್ಷಾ ಗುಂಡಿ ಎರಡೂ ಕಡೆ ಇದೆ, ಮ್ಯಾಗಝೀನ್ ಬಿಡಿಸುವ ಗುಂಡಿಯೂ ಎರಡೂ ಕಡೆ ಇದೆ, ಎಡಗೈಯವರಿಗೆ ಇದಕ್ಕಿಂತ ಒಳ್ಳೆಯದು ಈ ಬೆಲೆಯಲ್ಲಿ ಇಲ್ಲ. ನಳಿಗೆಯೊಳಗೆ ಚೂಪು ಗೀರುಗಳ ಬದಲು ದುಂಡು ಮೂಲೆಯ ಬಹುಕೋನದ ಸುರುಳಿ, ಅದರ ಮೇಲೆ ಕ್ರೋಮಿನ ಲೇಪ. ಸ್ವಚ್ಛ ಮಾಡುವುದು ಸುಲಭ, ಸವೆತ ಕಡಿಮೆ.

ಇದರ ದೌರ್ಬಲ್ಯ ಒಂದೇ: ಉಕ್ಕಿನ ಮೇಲೆ ಕಪ್ಪು ಬಣ್ಣ ಬಳಿದಿದ್ದಾರೆ, ಆ ಬಣ್ಣ ನಿಲ್ಲುವುದಿಲ್ಲ. ಹವ್ಯಾಸಿಗೆ ಇದೇ ಅದೃಷ್ಟ. ಬಣ್ಣ ತೆಗೆಯುವ ದ್ರಾವಣ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಸುಕ್ಕುಗಟ್ಟಿ ಎದ್ದುಬರುತ್ತದೆ. ಕೆಳಗೆ ಸಿಗುವ ಉಕ್ಕು ನೀವು ಅಂದುಕೊಂಡಷ್ಟು ನುಣುಪಾಗಿರುವುದಿಲ್ಲ. ನನ್ನದರಲ್ಲಿ ಫ್ರೇಮಿನ, ಅಂದರೆ ಕೆಳಮೈಯ, ಮುಂಭಾಗದ ತುಂಬ ಯಂತ್ರದ ಹಲ್ಲು ಕೊರೆದ ಗೆರೆಗಳಿದ್ದವು, ಅವನ್ನು ಮುಚ್ಚುವುದಕ್ಕೇ ಬಣ್ಣ ಬಳಿದಂತಿತ್ತು. ಆ ಗೆರೆಗಳನ್ನು ತೆಗೆಯುವ ತಾಳ್ಮೆ ನಿಮಗಿದ್ದರೆ ಕೈಗೆ ಬರುವ ಪಿಸ್ತೂಲು ಬೇರೆಯದೇ ಆಗಿರುತ್ತದೆ.

ಮಕಾರೊವ್: ಏನೂ ಮಾಡದಿದ್ದರೂ ನಡೆಯುತ್ತದೆ

ಸೋವಿಯತ್ ಸೇನೆ 1951ರಲ್ಲಿ ಒಪ್ಪಿಕೊಂಡ ಪಿಸ್ತೂಲು. ಸುಮಾರು 730 ಗ್ರಾಂ ತೂಕ, 8 ತೋಟಾ. ಅಮೆರಿಕದಲ್ಲಿ ಹೆಚ್ಚಾಗಿ ಕಂಡದ್ದು ಬಲ್ಗೇರಿಯಾದ ಕಝಾನ್ಲಕ್‌ನಲ್ಲಿ ಮಾಡಿದವು. ಪೂರ್ವ ಜರ್ಮನಿಯ ಝೂಲ್‌ನಲ್ಲಿ ಮಾಡಿದವುಗಳ ಕೆಲಸಗಾರಿಕೆ ಎಲ್ಲಕ್ಕಿಂತ ಅಂದ, ಆದ್ದರಿಂದ ಅವುಗಳ ಮೈಗೆ ಕೈಹಾಕಬೇಡಿ. ಸಂಗ್ರಾಹಕರು ಕೇಳುವುದು ಮೂಲ ಬಣ್ಣವನ್ನು, ನಿಮ್ಮ ಪಾಲಿಶನ್ನು ಯಾರೂ ಕೇಳುವುದಿಲ್ಲ.

ಇದನ್ನು ಬಿಚ್ಚುವುದು ಮಕ್ಕಳಾಟದಷ್ಟು ಸುಲಭ. ಕುದುರೆಯ ಸುತ್ತಿನ ಬಳೆಯನ್ನು ಕೆಳಗೆ ಎಳೆದು ಪಕ್ಕಕ್ಕೆ ಒರಗಿಸಿ, ಸ್ಲೈಡನ್ನು ಹಿಂದಕ್ಕೆ ಎಳೆದು ಎತ್ತಿದರೆ ಬಿಡಿಸಿಕೊಳ್ಳುತ್ತದೆ. ಸಿಝೆಡ್-82 ಕೂಡ ಹೀಗೆಯೇ ಬಿಚ್ಚುತ್ತದೆ. ಹಿಡಿ ಇಡಿಯಾಗಿ ಒಂದೇ ತುಂಡು, ಹಿಂಬದಿಯ ಒಂದೇ ಸ್ಕ್ರೂ ತಿರುಗಿಸಿದರೆ ಹಿಂದಕ್ಕೆ ಜಾರಿ ಬರುತ್ತದೆ. ಆದ್ದರಿಂದ ಮೊದಲ ಬಾರಿಗೆ ಮರದ ಹಿಡಿ ಹಾಕಿ ನೋಡುವವರಿಗೆ ಮಕಾರೊವ್ ಸಲೀಸು. ಆದರೆ ಸ್ವಂತ ಕೈಯಿಂದ ಕೆತ್ತುವುದಾದರೆ ಇದೇ ಕಷ್ಟ, ಏಕೆಂದರೆ ಒಳಗನ್ನು ಟೊಳ್ಳು ಮಾಡಿ ಮೂರು ಕಡೆಯೂ ಒಂದೇ ಅಳತೆಗೆ ತರಬೇಕು.

ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಮಕಾರೊವ್‌ನ ಹೊಡೆಯುವ ಮೊಳೆಗೆ, ಅಂದರೆ ಫೈರಿಂಗ್ ಪಿನ್ನಿಗೆ, ಹಿಂದಕ್ಕೆಳೆಯುವ ಸ್ಪ್ರಿಂಗ್ ಇಲ್ಲ. ಅದು ತನ್ನ ಕೊಳವೆಯಲ್ಲಿ ಸಡಿಲವಾಗಿ ಓಡಾಡುತ್ತದೆ. ಗೋದಾಮಿನಲ್ಲಿ ಬಳಿದ ಕಾಸ್ಮೊಲಿನ್ ಗ್ರೀಸು ಆ ಕೊಳವೆಯಲ್ಲಿ ಮೇಣದ ಹಾಗೆ ಗಟ್ಟಿಯಾಗಿ ಕೂತಿದ್ದರೆ ಮೊಳೆ ಮುಂದಕ್ಕೆ ಚಾಚಿಕೊಂಡೇ ಅಂಟಿಕೊಳ್ಳಬಹುದು. ಆಗ ಸ್ಲೈಡ್ ಮುಚ್ಚಿದ ಕ್ಷಣವೇ ಈಡು ಹಾರುತ್ತದೆ, ನಿಮ್ಮ ಬೆರಳು ಕುದುರೆಯ ಮೇಲೆ ಇಲ್ಲದಿದ್ದರೂ. ಹೊಸದಾಗಿ ಕೊಂಡ ಮಕಾರೊವ್‌ನ ಸ್ಲೈಡನ್ನು ಮಿನರಲ್ ಸ್ಪಿರಿಟ್‌ನಲ್ಲಿ ನೆನೆಸಿ ತೊಳೆದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಮೊಳೆ ಟಿಕ್ ಟಿಕ್ ಎಂದು ಸದ್ದು ಮಾಡಬೇಕು. ಆ ಸದ್ದು ಕೇಳುವವರೆಗೆ ತೋಟಾ ಹತ್ತಿರ ತರಬೇಡಿ.

ಪಿ-64: ಒಂದು ಸ್ಪ್ರಿಂಗಿನ ಕಥೆ

ಪೋಲೆಂಡಿನ ರಾಡೊಮ್‌ನಲ್ಲಿ ಆದದ್ದು, ಚಿಕ್ಕದು, 6 ತೋಟಾ. ನೋಡಲು ಮುದ್ದಾಗಿದೆ, ಹೊಡೆದರೆ ಕೈ ಜುಮ್ಮೆನ್ನುತ್ತದೆ. ಇದರ ದೊಡ್ಡ ತೊಂದರೆ ಮೊದಲ ಎಳೆತದ ಭಾರ, 20 ಪೌಂಡು ಮೀರುತ್ತದೆ. ಬೆರಳು ನಡುಗಿ ಗುರಿ ತಪ್ಪುವಷ್ಟು. ಫೈರಿಂಗ್ ಪಿನ್ನಿಗೆ ಬಡಿಯುವ ಸುತ್ತಿಗೆಗೆ, ಅಂದರೆ ಹ್ಯಾಮರಿಗೆ, ಹಗುರವಾದ ಸ್ಪ್ರಿಂಗ್ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಊಟದ ಖರ್ಚಿಗಿಂತ ಹೆಚ್ಚಿಲ್ಲ, ಅರ್ಧ ಗಂಟೆಯ ಕೆಲಸ. ನಾನು ಅತಿ ಹಗುರವಾದದ್ದನ್ನೇ ಹಾಕಿದೆ. ರೇಂಜಿನಲ್ಲಿ ಐದಾರು ತೋಟಾಕ್ಕೊಂದು ಸಿಡಿಯಲಿಲ್ಲ, ಹಿಂಬದಿಯಲ್ಲಿ ಆಳವಿಲ್ಲದ ಚುಕ್ಕಿ ಮಾತ್ರ ಬಿದ್ದಿತ್ತು. ಒಂದು ಮೆಟ್ಟಿಲು ಬಿಗಿಯಾದದ್ದನ್ನು ಹಾಕಿದ ಮೇಲೆ ಸರಿಹೋಯಿತು. ಯಂತ್ರವನ್ನು ಮುಟ್ಟುವುದೇ ಆದರೆ ಇಷ್ಟು ಸಾಕು: ಸಿದ್ಧವಾಗಿ ಸಿಗುವ ಬಿಡಿಭಾಗ ಹಾಕಿ, ಹಳೆಯದನ್ನು ಚೀಟಿ ಬರೆದು ಡಬ್ಬಿಯಲ್ಲಿಡಿ.

ಟೊಕಾರೆವ್ ಕುಟುಂಬ

ಸೋವಿಯತ್ ಟಿಟಿ-33, ಅದರ ರುಮೇನಿಯಾದ ತಮ್ಮ, ಯುಗೊಸ್ಲಾವಿಯಾದ ಎಂ57. ತೆಳ್ಳಗೆ, ಚಪ್ಪಟೆಯಾಗಿ, ಕೈಗೆ ಕೂರುವಂತೆ ಇದೆ. 7.62×25 ತೋಟಾ ಸೆಕೆಂಡಿಗೆ 400 ಮೀಟರು ಮೀರಿ ಹಾರುತ್ತದೆ, ಸದ್ದು ಎದೆಗೆ ಬಡಿಯುತ್ತದೆ. ಎಂ57ರ ಹಿಡಿ ತುಸು ಉದ್ದ, 8ರ ಜಾಗದಲ್ಲಿ 9 ತೋಟಾ. ದೊಡ್ಡ ಅಂಗೈಯವರಿಗೆ ನಾನು ಹೇಳುವುದು ಎಂ57 ಅನ್ನೇ.

ಕೆಲಸಗಾರನ ಕಣ್ಣಿಗೆ ಟೊಕಾರೆವ್ ತುಂಬ ಇಷ್ಟವಾಗುತ್ತದೆ. ಹ್ಯಾಮರು, ಅದರ ಸ್ಪ್ರಿಂಗು, ಕೊಕ್ಕೆ ಎಲ್ಲ ಸೇರಿ ಒಂದೇ ಗಂಟಾಗಿ ಮೇಲಕ್ಕೆ ಎತ್ತಿ ಬರುತ್ತದೆ. ತೊಳೆದು, ಎಣ್ಣೆ ಬಿಟ್ಟು, ಹಾಗೇ ಕೂರಿಸಬಹುದು. ಹಿಡಿಯ ಹಲಗೆಗಳಿಗೆ ಹೊರಗೆ ಸ್ಕ್ರೂ ಕಾಣುವುದಿಲ್ಲ, ಮ್ಯಾಗಝೀನಿನ ದಾರಿಯೊಳಗಿಂದ ಚಿಲಕ ತಿರುಗಿಸಿ ಬಿಡಿಸಬೇಕು. ಮೂಲದಲ್ಲಿ ಇದಕ್ಕೆ ಸುರಕ್ಷಾ ಗುಂಡಿ ಇರಲಿಲ್ಲ. ಅಮೆರಿಕದ 1968ರ ಗನ್ ಕಂಟ್ರೋಲ್ ಕಾಯ್ದೆಯ ಆಮದು ನಿಯಮಕ್ಕೆ ಹೊಂದಿಸಲು ಆಮದುದಾರರು ಒಂದನ್ನು ಸೇರಿಸಿದ್ದಾರೆ, ಕೆಲವದರಲ್ಲಿ ಅದು ಒರಟಾಗಿ ಕೂತಿರುತ್ತದೆ. ಅಂದ ಕೆಡುತ್ತದೆಂದು ಅದನ್ನು ಕಿತ್ತುಹಾಕುವವರಿದ್ದಾರೆ. ನಾನು ಕಿತ್ತಿಲ್ಲ, ನಿಮಗೂ ಬೇಡ ಎನ್ನುತ್ತೇನೆ.

ಹಳೆಯ ಮಿಲಿಟರಿ ತೋಟಾ ಬಳಸಿದರೆ ಪ್ರೈಮರಿನ, ಅಂದರೆ ತೋಟಾದ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಮದ್ದಿನ, ಉಪ್ಪು ನಳಿಗೆಯಲ್ಲಿ ಉಳಿಯುತ್ತದೆ. ಗಾಳಿಯ ತೇವ ಹೀರಿ ಎರಡು ದಿನದಲ್ಲೇ ಕೆಂಪು ತುಕ್ಕು ಏರಿಸುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಮೊದಲು ಬಿಸಿನೀರು ಸುರಿದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ.

ಸ್ಟಾರ್ ಬಿಎಂ: ಅಂದಕ್ಕೆ ಮನಸೋತವರಿಗೆ

ಸ್ಪೇನಿನ ಐಬರ್ ಊರಿನ ಸ್ಟಾರ್ ಕಂಪನಿಯದು, ಸ್ಪೇನಿನ ಸಿವಿಲ್ ಗಾರ್ಡ್ ಪಡೆಯ ಸೊಂಟದಲ್ಲಿದ್ದದ್ದು. ದೂರದಿಂದ ನೋಡಿದರೆ ಅಮೆರಿಕದ ‘1911’ ಎಂಬ ಸೇನಾ ಪಿಸ್ತೂಲಿನ ಚಿಕ್ಕ ತಂಗಿ, ಹತ್ತಿರದಿಂದ ನೋಡಿದರೆ ಹಿಡಿಯ ಬೆನ್ನಿನಲ್ಲಿ ಅದಕ್ಕಿರುವ ಸುರಕ್ಷಾ ಪಟ್ಟಿ ಇದಕ್ಕಿಲ್ಲ. ಪೂರ್ತಿ ಉಕ್ಕು, ಸಪಾಟಾದ ಅಗಲ ಪಕ್ಕೆಗಳು. ಪಾಲಿಶಿಗೆ, ನೀಲಿಕಪ್ಪು ಬಣ್ಣಕ್ಕೆ ಇಷ್ಟು ಒಳ್ಳೆಯ ಮೈ ಈ ಗುಂಪಿನಲ್ಲಿ ಬೇರೆ ಯಾವುದಕ್ಕೂ ಇಲ್ಲ.

ಇನ್ನೊಂದು ದೊಡ್ಡ ಲಾಭ ತೋಟಾ. ಇದು 9×19 ತಿನ್ನುತ್ತದೆ, ಯಾವ ಅಂಗಡಿಗೆ ಹೋದರೂ ಸಿಗುತ್ತದೆ. 2021ರಲ್ಲಿ ರಷ್ಯಾದ ತೋಟಾಗಳ ಹೊಸ ಆಮದನ್ನು ಅಮೆರಿಕ ನಿಲ್ಲಿಸಿದ ಮೇಲೆ ಸಿಝೆಡ್-82, ಮಕಾರೊವ್, ಪಿ-64 ತಿನ್ನುವ 9×18ರ ಅಗ್ಗದ ಮೂಲ ಒಣಗಿತು. ವಾರಕ್ಕೊಮ್ಮೆ ರೇಂಜಿಗೆ ಹೋಗುವವರಿಗೆ ಪಿಸ್ತೂಲಿನ ಬೆಲೆಗಿಂತ ಈ ಲೆಕ್ಕವೇ ಮುಖ್ಯ. ಎರಡೂ 9 ಎಂಎಂ ಎಂದು ಕರೆಸಿಕೊಂಡರೂ ಗುಂಡಿನ ದಪ್ಪ ಬೇರೆ. 9×18ರ ಗುಂಡು 9.27 ಮಿಲಿಮೀಟರು, 9×19ರದ್ದು ಸುಮಾರು 9.02. ಒಂದರ ತೋಟಾ ಇನ್ನೊಂದಕ್ಕೆ ತುಂಬಬಾರದು, ಡಬ್ಬಿಗಳನ್ನು ಬೇರೆ ಬೇರೆ ಕಪಾಟಿನಲ್ಲೇ ಇಡಿ.

ಸ್ಟಾರ್‌ನ ಚಿಂತೆ ಬಿಡಿಭಾಗಗಳದ್ದು. ಕಂಪನಿ 1997ರಲ್ಲಿ ಬಾಗಿಲು ಹಾಕಿತು. ತೋಟಾ ಇಲ್ಲದೆ ಕುದುರೆ ಎಳೆದು ಆಡಿದರೆ ಇದರ ಫೈರಿಂಗ್ ಪಿನ್ ಮುರಿಯುತ್ತದೆ, ಇದು ಸ್ಟಾರ್ ಇಟ್ಟುಕೊಂಡವರೆಲ್ಲ ಬಲ್ಲ ಮಾತು. ಅಭ್ಯಾಸಕ್ಕೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿಯೇ ಎಳೆಯಿರಿ, ಒಂದು ಹೆಚ್ಚುವರಿ ಪಿನ್ ಕೊಂಡಿಟ್ಟುಕೊಳ್ಳಿ.

ಕೈಕೆಲಸಕ್ಕೆ ನಾನು ಬೇಡ ಎನ್ನುವ ಎರಡು

ಸಿಝೆಡ್-52 ನೋಡಲು ವಿಚಿತ್ರ ಸುಂದರ, ರೋಲರುಗಳಿಂದ ಬಿಗಿಯುವ ಜಾಣ ಯಂತ್ರ. ಆದರೆ ಫೈರಿಂಗ್ ಪಿನ್ ಪೆಡಸು. ಹ್ಯಾಮರನ್ನು ಇಳಿಸುವ ಗುಂಡಿಯನ್ನು ನಂಬುವಂತಿಲ್ಲ, ಸವೆದದ್ದಾದರೆ ಇಳಿಸುವಾಗಲೇ ಈಡು ಹಾರಬಹುದು. ಇದರಲ್ಲಿ ಸರಿಮಾಡಬೇಕಾದದ್ದು ಯಂತ್ರವೇ, ಅದು ನುರಿತ ಬಂದೂಕು ಕುಶಲಿಯ ಕೆಲಸ. ಪಶ್ಚಿಮ ಜರ್ಮನಿಯ ವಾಲ್ಥರ್ ಪಿ1 ಒಳ್ಳೆಯ ಪಿಸ್ತೂಲೇ, ಆದರೆ ಫ್ರೇಮು ಅಲ್ಯೂಮಿನಿಯಂ. ಉಕ್ಕಿಗೆ ಏರುವ ನೀಲಿಕಪ್ಪು ಬಣ್ಣ ಅದಕ್ಕೆ ಏರುವುದಿಲ್ಲ, ಸ್ಲೈಡಿಗೊಂದು ಫ್ರೇಮಿಗೊಂದು ಎಂದು ಎರಡು ಥರದ ಕೆಲಸವಾಗುತ್ತದೆ. ಹಿಡಿ ಬದಲಿಸಿ ಸುಮ್ಮನಿರಿ.

ಮೈಬಣ್ಣ: ನಾಲ್ಕು ದಾರಿ

ಬಾಟಲಿಯ ಕೋಲ್ಡ್ ಬ್ಲೂ ಹತ್ತು ನಿಮಿಷದ ಕೆಲಸ, ಗೀರು ಮುಚ್ಚಲು ಸಾಕು. ಇಡೀ ಪಿಸ್ತೂಲಿಗೆ ಹಚ್ಚಿದರೆ ತೇಪೆ ತೇಪೆಯಾಗಿ, ಆರು ತಿಂಗಳಲ್ಲಿ ಸವೆದುಹೋಗುತ್ತದೆ. ಕುದಿವ ಕ್ಷಾರದ ಹಾಟ್ ಬ್ಲೂ ಬಾಳಿಕೆ ಬರುತ್ತದೆ, ಆದರೆ ಅದು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನ ಕಾಸ್ಟಿಕ್ ಸೋಡಾ. ಮನೆಯಲ್ಲಿ ಮಾಡಬೇಡಿ, ಅಂಗಡಿಗೆ ಕೊಡಿ. ಸೆರಾಕೋಟ್ ಎಂಬ ಸೆರಾಮಿಕ್ ಬಣ್ಣವನ್ನು ಸಿಂಪಡಿಸಿ ಓವನ್ನಿನಲ್ಲಿ ಬೇಯಿಸುತ್ತಾರೆ, ತುಕ್ಕಿಗೆ ಜಗ್ಗುವುದಿಲ್ಲ. ಹಳೆಯ ಪಿಸ್ತೂಲಿನ ಮೇಲೆ ನನ್ನ ಕಣ್ಣಿಗೆ ಅದು ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ಬೆವರು ಕೈಯವರಿಗೆ ಮಾತ್ರ ಅದೇ ಸರಿ.

ನನ್ನ ಮನಸ್ಸು ಇರುವುದು ತುಕ್ಕಿನ ಬಣ್ಣದಲ್ಲಿ, ಇಲ್ಲಿಯವರು ರಸ್ಟ್ ಬ್ಲೂ ಎನ್ನುತ್ತಾರೆ. ತುಕ್ಕನ್ನು ಬೇಕೆಂದೇ ಹಿಡಿಸಿ ಅದನ್ನೇ ಕಾವಲಿಗೆ ಹಾಕುವ ಕೆಲಸ ಇದು. ಮೊದಲು ಉಪ್ಪುಕಾಗದದಿಂದ ಒಂದೇ ದಿಕ್ಕಿನಲ್ಲಿ ಉಜ್ಜಬೇಕು, ಕಾಗದವನ್ನು ಸಪಾಟಾದ ಮರದ ತುಂಡಿಗೆ ಸುತ್ತಿ. 220 ನಂಬರಿನ ಕಾಗದದಿಂದ ಶುರುಮಾಡಿ 400ಕ್ಕೆ ನಿಲ್ಲಿಸಿ, ಇನ್ನೂ ನುಣುಪಾದರೆ ತುಕ್ಕು ಸಮನಾಗಿ ಹಿಡಿಯುವುದಿಲ್ಲ. ಮೋಟಾರಿನ ಬಫ್ ಚಕ್ರ ಬಳಸಬೇಡಿ. ನನ್ನ ಮೊದಲ ಟೊಕಾರೆವ್‌ನ ಸ್ಲೈಡನ್ನು ಚಕ್ರಕ್ಕೆ ಹಿಡಿದೆ, ಎರಡು ನಿಮಿಷದಲ್ಲಿ ಚೂಪಾದ ಅಂಚು ಸೋಪಿನ ಹಾಗೆ ದುಂಡಗಾಯಿತು, ತಯಾರಿಯ ವರ್ಷದ ಮುದ್ರೆ ಅರ್ಧ ಅಳಿಸಿತು. ಹೋದ ಉಕ್ಕು ಮತ್ತೆ ಬರುವುದಿಲ್ಲ. ಈಗ ಕ್ರಮಸಂಖ್ಯೆ, ಮುದ್ರೆಗಳ ಮೇಲೆ ಮೂರು ಪದರ ಟೇಪು ಅಂಟಿಸಿ, ಅದರ ಸುತ್ತ ಮಾತ್ರ ಕೈಯಲ್ಲೇ ಉಜ್ಜುತ್ತೇನೆ.

ಆಮೇಲೆ ಅಸಿಟೋನಿನಲ್ಲಿ ತೊಳೆದು, ಕೈಗವಸು ಹಾಕಿ ತುಕ್ಕು ಹಿಡಿಸುವ ದ್ರಾವಣವನ್ನು ತೆಳ್ಳಗೆ ಒಂದೇ ಸಲ ಎಳೆಯಿರಿ. ಒಂದೇ ಒಂದು ಬೆರಳಚ್ಚು ಬಿದ್ದರೂ ಅದೇ ಆಕಾರದಲ್ಲಿ ಕಲೆ ಉಳಿಯುತ್ತದೆ. ಸ್ನಾನದ ಕೋಣೆಯಲ್ಲಿ ಬಿಸಿನೀರು ಬಿಟ್ಟು ಆವಿ ತುಂಬಿಸಿ ನೇತುಹಾಕಿದರೆ ಮೂರು ನಾಲ್ಕು ಗಂಟೆಯಲ್ಲಿ ನುಣ್ಣನೆ ಅರಿಶಿನ ಕುಂಕುಮ ಬೆರೆಸಿದಂಥ ಬಣ್ಣದ ತುಕ್ಕು ಹೊದೆಯುತ್ತದೆ. ಅದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕಾಲು ಗಂಟೆ ಕುದಿಸಬೇಕು. ನಲ್ಲಿ ನೀರು ಬೇಡ, ಅದರ ಸುಣ್ಣ ಕಲೆಯಾಗುತ್ತದೆ. ಪಾತ್ರೆಯಲ್ಲಿ ನೋಡುತ್ತಾ ನಿಂತರೆ ಕೆಂಪು ಮೆಲ್ಲಗೆ ಕಪ್ಪಾಗುತ್ತದೆ. ಕೆಂಪು ಕಬ್ಬಿಣದ ಆಕ್ಸೈಡು ಕಪ್ಪು ಆಕ್ಸೈಡಾಗಿ ಬದಲಾಗುವ ಗಳಿಗೆ ಅದು. ಎಷ್ಟು ಸಲ ಕಂಡರೂ ನನಗೆ ಬೇಸರವಾಗಿಲ್ಲ. ಮೇಲಿನ ಸಡಿಲ ಮಸಿಯನ್ನು ಎಣ್ಣೆ ತೆಗೆದ ಸ್ಟೀಲ್ ವುಲ್‌ನಿಂದ ಒರೆಸಿ, ಮತ್ತೆ ದ್ರಾವಣ, ಮತ್ತೆ ಆವಿ, ಮತ್ತೆ ಕುದಿ. ಆರೇಳು ಸುತ್ತು. ವಾರಾಂತ್ಯ ಎರಡು ಬೇಕು.

ಹಿಡಿಗೆ ಮರ

ಊರಿನವರೆಲ್ಲ ಕೇಳುವುದು ಬೀಟೆ. ಬೀಟೆಯ ಹಿಡಿ ಕಪ್ಪು ಉಕ್ಕಿಗೆ ಎಷ್ಟು ಒಪ್ಪುತ್ತದೆಂದು ನನಗೂ ಗೊತ್ತು. ಆದರೆ ಅದು ಅಪಾಯದಲ್ಲಿರುವ ಗಿಡ ಪ್ರಾಣಿಗಳ ವ್ಯಾಪಾರವನ್ನು ಹಿಡಿತದಲ್ಲಿಡುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಮರ, ಕರ್ನಾಟಕದಲ್ಲಿ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅನುಮತಿ ಬೇಕು. ಪೆಟ್ಟಿಗೆಯಲ್ಲಿ ತುಂಡು ಹಾಕಿಕೊಂಡು ಬರಬೇಡಿ. ಇಲ್ಲಿನ ವಾಲ್‌ನಟ್ ಮರ ಉಳಿಗೆ ಮೆತ್ತಗೆ ಸಿಗುತ್ತದೆ, ಬಿರುಕು ಬಿಡುವುದು ಕಡಿಮೆ. ಸ್ಟಾರ್ ಬಿಎಂನ ಎರಡು ಚಪ್ಪಟೆ ಹಲಗೆಗಳು ಕಲಿಯುವವರಿಗೆ ಸರಿಯಾದ ಪಾಠ. ಹಳೆಯ ಪ್ಲಾಸ್ಟಿಕ್ ಹಿಡಿಯನ್ನೇ ಮಾದರಿಯಾಗಿಟ್ಟು ಗೆರೆ ಎಳೆದು, ಸ್ಕ್ರೂವಿನ ತೂತನ್ನು ಮೊದಲು ಕೊರೆದು, ಆಮೇಲೆ ಅಂಚು ಕತ್ತರಿಸಿ. ಕುದಿಸಿದ ಅಗಸೆ ಎಣ್ಣೆಯನ್ನು ದಿನಕ್ಕೊಂದು ಬಾರಿ, ತೀರಾ ತೆಳ್ಳಗೆ, ಒಂದು ವಾರ ಹಚ್ಚಿ. ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಹಾಕಿ.

ಹಾಗಾದರೆ ಯಾವುದು? ಮೊದಲ ಸಲ ಕೈಹಾಕುವವರು ಬಣ್ಣ ಎದ್ದ ಸಿಝೆಡ್-82 ಕೊಳ್ಳಿ. ಹೆಚ್ಚು ಹೊಡೆಯುವವರು, ಮರಗೆಲಸ ಪ್ರೀತಿಸುವವರು ಸ್ಟಾರ್ ಬಿಎಂ ಕಡೆ ಹೋಗಿ. ಯಂತ್ರ ಬಿಚ್ಚಿ ತಿಳಿಯುವ ಆಸೆಯವರಿಗೆ ಎಂ57. ಅಂಗಡಿಯಲ್ಲಿ ನಿಮ್ಮ ಮುಂದೆ ಒಂದೇ ಬೆಲೆಯ ಎರಡು ಇದ್ದು, ಒಂದು ಫಳಫಳ ಹೊಳೆಯುತ್ತಾ ನಳಿಗೆಯಲ್ಲಿ ಗುಂಡಿ ಬಿದ್ದಿದ್ದರೆ, ಇನ್ನೊಂದು ತರಚಿ ತರಚಿ ಕೆಟ್ಟು ನಳಿಗೆ ಶುಭ್ರವಾಗಿದ್ದರೆ, ಕಣ್ಣು ಮುಚ್ಚಿ ಎರಡನೆಯದನ್ನು ತನ್ನಿ.

ಕೆಲಸ ಮುಗಿದ ಮೇಲಿನ ಮೊದಲ ಈಡಿಗೆ ಒಂದು ಕ್ರಮವಿದೆ, ಇದನ್ನು ಬಿಡಬೇಡಿ. ಮನೆಯಲ್ಲಿ ಡಮ್ಮಿ ತೋಟಾಗಳಿಂದ ಸ್ಲೈಡ್ ಓಡಾಟ, ಸುರಕ್ಷಾ ಗುಂಡಿ, ಮ್ಯಾಗಝೀನು ಎಲ್ಲವನ್ನೂ ಇಪ್ಪತ್ತು ಸಲ ನೋಡಿ. ರೇಂಜಿನಲ್ಲಿ ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂತಿ ಗುರಿಯ ಕಡೆಗೆ. ಮ್ಯಾಗಝೀನಿಗೆ ಒಂದೇ ತೋಟಾ ಹಾಕಿ ಹೊಡೆಯಿರಿ, ಖಾಲಿ ಕವಚ ತೆಗೆದು ಅದರ ಹಿಂಬದಿಯ ಚುಕ್ಕಿ ನಡುವೆ ಬಿದ್ದಿದೆಯೇ, ಪಕ್ಕೆ ಉಬ್ಬಿದೆಯೇ ನೋಡಿ. ಹೀಗೆ ಮೂರು ಸಲ ಆದಮೇಲೆ ಎರಡೆರಡು ತೋಟಾ. ಎರಡು ತೋಟಾ ತುಂಬಿ ಕುದುರೆ ಒಮ್ಮೆ ಎಳೆದಾಗ ಎರಡೂ ಹಾರಿದರೆ ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ಕುಶಲಿಯ ಬಳಿ ಕೊಂಡೊಯ್ಯಿರಿ. ಒಂದೊಂದಾಗಿಯೇ ಹಾರಿದರೆ ಪೂರ್ತಿ ತುಂಬಿ. ನನ್ನ ಸಿಝೆಡ್‌ಗೆ ಇನ್ನೂ ಎರಡು ಸುತ್ತು ತುಕ್ಕು ಬಾಕಿಯಿದೆ, ಸ್ನಾನದ ಕೋಣೆಯಲ್ಲಿ ಸ್ಲೈಡ್ ತೂಗುಹಾಕಿ ಬಂದಿದ್ದೇನೆ.